37 ಅಶ್ವಶಕ್ತಿ ಸಾಕು: ಕಿಟ್ ಕಾರಿಗೆ ಎಂಜಿನ್ ಹುಡುಕಿದ ಕಥೆ



ನಾನು ನವಿ ಮುಂಬೈನ ಏರೋಲಿಯಲ್ಲಿ ಇರೋನು. ಊರು ಸಾಗರ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಮೆಕ್ಯಾನಿಕಲ್‌ನಲ್ಲಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೋ ತಪ್ಪುಗಳಿಗೆಲ್ಲ ಅದೇ ಕಾರಣ. ವಾರದ ಐದು ದಿನ ಬ್ಯಾಕ್‌ಎಂಡ್ ಕೋಡು. ಶನಿವಾರ, ಭಾನುವಾರ ರಬಾಳೆ ಎಂಐಡಿಸಿಯ ಒಂದು ಶೆಡ್ಡಿನಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಪುಟ್ಟ ಕಾರು ಕಟ್ತಾ ಇದ್ದೀನಿ. ಇವತ್ತಿನ ಮಾತು ಪೂರ್ತಿ ಕಾರಿನ ಬಗ್ಗೆ ಅಲ್ಲ. ಅದಕ್ಕೆ ಎಂಜಿನ್ ಆರಿಸಿದ್ದರ ಬಗ್ಗೆ ಮಾತ್ರ. ಅಷ್ಟಕ್ಕೇ ನನಗೆ ಒಂಬತ್ತು ತಿಂಗಳು ಹಿಡೀತು.

ಕಿಟ್ ಕಾರು ಅಂದ್ರೆ ಏನು ಅಂತ ಎರಡು ಮಾತು. ಕಾರ್ಖಾನೆಯಿಂದ ಪೂರ್ತಿ ಕಾರು ಬರೋದಿಲ್ಲ. ಚೌಕಟ್ಟು, ಮೈ, ಕೆಲವು ಭಾಗಗಳು ಬರ್ತವೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಇವನ್ನೆಲ್ಲ ಯಾವುದೋ ಹಳೇ ಕಾರಿನಿಂದ ತೆಗೆದು ನಾವೇ ಜೋಡಿಸ್ಕೋಬೇಕು. ಇದಕ್ಕೆ ಹೆಸರಾದದ್ದು 1957ರ ಲೋಟಸ್ ಸೆವೆನ್. ಕಾಲಿನ್ ಚಾಪ್‌ಮನ್ ಅವರ ಕಾರು. ಬಾಗಿಲಿಲ್ಲ, ಸೂರಿಲ್ಲ, ಎರಡೇ ಸೀಟು, ಎಂಜಿನ್ ಮುಂದೆ, ತಿರುಗೋದು ಹಿಂದಿನ ಚಕ್ರ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯ್ತು. ಆಮೇಲೆ 1996ರಲ್ಲಿ ರಾನ್ ಚಾಂಪಿಯನ್ ಅನ್ನೋರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟೋದು ಹೇಗೆ ಅಂತ ಒಂದು ಪುಸ್ತಕ ಬರೆದ್ರು. 25 ಮಿಲಿಮೀಟರಿನ ಚೌಕ ಪೈಪು ಕತ್ತರಿಸಿ, ವೆಲ್ಡ್ ಮಾಡಿ, ಹಳೇ ಫೋರ್ಡ್ ಎಸ್ಕಾರ್ಟ್‌ನ ಎಂಜಿನ್ ಹಾಕಿ ಸೆವೆನ್ ತರಹದ ಕಾರು ಮಾಡೋ ವಿಧಾನ. ಜಗತ್ತಿನಾದ್ಯಂತ ಹವ್ಯಾಸಿಗಳು ಇದನ್ನ ಲೋಕಾಸ್ಟ್ ಅಂತಾರೆ. ನಾವು ಕಟ್ತಿರೋದೂ ಇದೇ ಜಾತಿಯದ್ದು.

ಇದೇನೂ ನಮ್ಮ ಕಡೆ ಹೊಸದಲ್ಲ. ಮುಂಬೈನಿಂದ ದೋಣಿ ಹತ್ತಿದ್ರೆ ಸಿಗೋ ಅಲಿಬಾಗ್‌ನಲ್ಲಿ ಚಿಂಕಾರಾ ಮೋಟಾರ್ಸ್ ಅಂತ ಒಂದು ಸಣ್ಣ ಕಂಪನಿ ಇದೇ ಆಕಾರದ ರೋಡ್‌ಸ್ಟರ್ ಮಾಡ್ತಿತ್ತು. ಅದರಲ್ಲಿ ಇದ್ದದ್ದು 1817 ಸಿಸಿಯ ಇಸುಜು ಎಂಜಿನ್, ಅಂದ್ರೆ ನಮ್ಮ ಕಾಂಟೆಸ್ಸಾದಲ್ಲಿ ಇದ್ದದ್ದೇ. ಬೆಂಗಳೂರಿಗೂ ಒಂದು ಹಳೇ ಕಥೆ ಇದೆ. ಮಾರುತಿ ಬರೋ ಮುಂಚೆ, 1982ರ ಹೊತ್ತಿಗೆ, ಸಿಪಾನಿಯವರ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ವಿನ್ಯಾಸ, ಫೈಬರ್ ಗ್ಲಾಸಿನ ಮೈ, 848 ಸಿಸಿ ಎಂಜಿನ್. ಇದಾದ ಮೇಲೆ 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್, ಸ್ಟಾರ್ಮ್ ಅನ್ನೋ ಎರಡು ಸೀಟಿನ ಕಾರು ತಂದರು. ಅದಕ್ಕೆ 1149 ಸಿಸಿಯ ರೆನೋ ಎಂಜಿನ್.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಂಟೆಸ್ಸಾ ಎಂಜಿನ್ ಬಿಚ್ಚಿ ಕಟ್ಟೋ ಮೆಕ್ಯಾನಿಕ್ ಈ ಊರಲ್ಲಿ ಯಾವ ಗಲ್ಲಿಗೆ ಹೋದ್ರೂ ಇದ್ದ. ಆದ್ರೆ ಆಗ ರೆನೋ ಕಾರೇ ನಮ್ಮ ದೇಶದ ಶೋರೂಮುಗಳಲ್ಲಿ ಇರಲಿಲ್ಲ. ಎಂಜಿನ್ ಒಳ್ಳೇದೇ. ಅದರ ಸುತ್ತ ಇರಬೇಕಾದ ಸಂತೆ ಇರಲಿಲ್ಲ. ನನಗೆ ಈ ಮಾತು ಅರ್ಥ ಆಗಿದ್ದು ಬಹಳ ತಡವಾಗಿ.

ಈಗ ನನ್ನ ಮೊದಲನೇ ತಪ್ಪಿಗೆ ಬರ್ತೀನಿ.

ಚೌಕಟ್ಟು ವೆಲ್ಡ್ ಆಗ್ತಾ ಇತ್ತು. ನನಗೆ ಎಂಜಿನ್ ತರೋ ಆತುರ. ರಾತ್ರಿಯೆಲ್ಲ ಕೂತು ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ಒಂದು ಕಾಲಮ್‌ನಲ್ಲಿ ಎಂಜಿನ್ ಹೆಸರು, ಮುಂದೆ ಎಚ್‌ಪಿ, ಮುಂದೆ ಬೆಲೆ. ಕೊನೇ ಕಾಲಮ್, ಒಂದು ಎಚ್‌ಪಿಗೆ ಎಷ್ಟು ರೂಪಾಯಿ. ನಮ್ಮ ಜನ ಕ್ಲೌಡ್ ಸರ್ವರ್ ಆರಿಸೋದೇ ಹೀಗಲ್ವಾ? ಅದರಲ್ಲಿ ಗೆದ್ದದ್ದು ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್. 16 ವಾಲ್ವ್, 85 ಎಚ್‌ಪಿ. ನಮ್ಮ ದೇಶದ ಸಿಂಗಲ್ ಸೀಟರ್ ರೇಸ್ ಕಾರುಗಳಲ್ಲೂ ಇದೇ ಕುಟುಂಬದ ಎಂಜಿನ್ ಓಡಿದೆ, ಹಾಗಾಗಿ ಧೈರ್ಯ ಇತ್ತು. 500 ಕೆಜಿ ಕಾರಿಗೆ 85 ಎಚ್‌ಪಿ ಅಂದ್ರೆ ಟನ್ನಿಗೆ 170. ಆ ಸಂಖ್ಯೆ ನೋಡಿ ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಬೆಳಗ್ಗೆ ಠಾಣೆಗೆ ಹೋಗಿ, ಲೋಕಲ್ ಬದಲಿಸಿ ಕುರ್ಲಾಕ್ಕೆ ಹೋದೆ. ಸಿಎಸ್‌ಟಿ ರಸ್ತೆ ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಬೆಂಗಳೂರಿನ ಜೆಸಿ ರೋಡು ಮತ್ತು ಶಿವಾಜಿನಗರದ ಗುಜರಿ ಎರಡನ್ನೂ ಒಂದೇ ರಸ್ತೆಗೆ ಸುರಿದ್ರೆ ಹೇಗಿರುತ್ತೋ ಹಾಗೆ. ಒಂದು ಅಂಗಡಿ ಮುಂದೆ ಬರೀ ಬಾಗಿಲುಗಳು, ಇನ್ನೊಂದರ ಮುಂದೆ ಬರೀ ರೇಡಿಯೇಟರ್‌ಗಳು. ಎಂಜಿನ್, ಗೇರ್‌ಬಾಕ್ಸ್ ಸೇರಿ 32 ಸಾವಿರಕ್ಕೆ ಮಾತಾಯ್ತು. ಟೆಂಪೋದಲ್ಲಿ ಹಾಕಿಸಿಕೊಂಡು ರಬಾಳೆಗೆ ಬಂದೆ.

ನಮ್ಮ ಶೆಡ್ಡಿನ ಪಕ್ಕದಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ. ವಿಜಯಪುರದ ಕಡೆಯವರು, ಮುಂಬೈಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ನಾನು ಕಾಕಾ ಅಂತ ಕರೀತೀನಿ. ಅವರು ಟೆಂಪೋ ಪಕ್ಕ ಬಂದು ನಿಂತು, ಎಂಜಿನ್ ನೋಡಿದ್ರು, ನಮ್ಮ ಚೌಕಟ್ಟು ನೋಡಿದ್ರು, ಬೀಡಿ ಕೆಳಗೆ ಹಾಕಿದ್ರು.

"ಸರ, ನೀವು ಎಂಜಿನ್ ತಂದೀರಿ. ಗಾಡಿ ತಂದಿಲ್ಲ."

"ಹಾಗಂದ್ರೆ ಏನು ಕಾಕಾ?"

"ಇದು ಅಡ್ಡ ಕೂಡೂ ಎಂಜಿನ್ ಐತ್ರಿ. ನಿಮ್ಮ ಚೌಕಟ್ನ್ಯಾಗ ಉದ್ದಕ ಕೂಡಬೇಕು. ಗೇರ್‌ಬಾಕ್ಸ್ ಮುಂದಿನ ಗಾಲಿ ತಿರುಗಸ್ತೈತಿ. ನಿಮಗ ಹಿಂದಿನ ಗಾಲಿ ತಿರುಗಬೇಕು. ಹೆಂಗ ಮಾಡ್ತೀರಿ ಹೇಳ್ರಿ?"

ನನ್ನ ಸ್ಪ್ರೆಡ್‌ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಇದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಎಂಜಿನ್ ಆರಿಸೋದರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಇವತ್ತು ನಾವು ಓಡಿಸೋ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಬಾನೆಟ್ ಒಳಗೆ ಅಡ್ಡಡ್ಡ ಕೂತಿರುತ್ತೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಅದರ ಪಕ್ಕದಲ್ಲೇ ಒಂದೇ ಗಂಟು. ಶಕ್ತಿ ನೇರವಾಗಿ ಮುಂದಿನ ಚಕ್ರಕ್ಕೆ. ಸೆವೆನ್ ತರಹದ ಕಾರಿನಲ್ಲಿ ಹಾಗಲ್ಲ. ಎಂಜಿನ್ ಉದ್ದಕ್ಕೆ ಕೂರುತ್ತೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲರ್ ಶಾಫ್ಟು ಇಬ್ಬರ ಸೀಟಿನ ನಡುವೆ ಹಾದು ಹಿಂದಿನ ಆಕ್ಸಲ್‌ಗೆ ಹೋಗುತ್ತೆ. ಅಡ್ಡ ಕೂರೋ ಗಂಟನ್ನು ಹಾಗೇ ಎತ್ತಿ ಸೀಟಿನ ಹಿಂದೆ ಇಟ್ರೆ ಒಳ್ಳೇ ಮಧ್ಯ-ಎಂಜಿನ್ ಕಾರು ಆಗುತ್ತೆ. ಎಷ್ಟೋ ಜನ ಹಾಗೆ ಮಾಡಿದ್ದಾರೆ. ಆದ್ರೆ ಅದಕ್ಕೆ ಚೌಕಟ್ಟೇ ಬೇರೆ. ನಮ್ಮ ಚೌಕಟ್ಟು ಆಗಲೇ ಅರ್ಧ ವೆಲ್ಡ್ ಆಗಿತ್ತು.

ಜಿಪ್ಸಿಯಲ್ಲಿ ಇದೇ ಕುಟುಂಬದ 1.3 ಲೀಟರ್ ಎಂಜಿನ್ ಉದ್ದಕ್ಕೆ ಕೂತಿದೆಯಲ್ಲ, ಅದರ ಗೇರ್‌ಬಾಕ್ಸ್ ತರೋಣ ಅಂದೆ. ಆಗುತ್ತೆ, ಆದ್ರೆ ಸಂಪ್ ಬದಲಾಗಬೇಕು, ಮೌಂಟಿಂಗ್ ಬದಲಾಗಬೇಕು, ಮತ್ತೆ ಜಿಪ್ಸಿಯ ಸಾಮಾನಿಗೆ ಕಾಡು ಮೇಡು ಸುತ್ತೋ ಹುಡುಗರೆಲ್ಲ ಸೇರಿ ಬೆಲೆ ಏರಿಸಿಟ್ಟಿದ್ದಾರೆ. ಗೇರ್‌ಬಾಕ್ಸಿಗೆ ಕೇಳಿದ ದುಡ್ಡು ನನ್ನ ಎಂಜಿನ್ನಿಗಿಂತ ಹೆಚ್ಚಿತ್ತು.

ಕೊನೆಗೆ ಆ ಎಂಜಿನ್ 23 ಸಾವಿರಕ್ಕೆ ಮಾರಿದೆ. ಟೆಂಪೋ ಎರಡು ಸಲದ್ದು 4 ಸಾವಿರ. ಒಟ್ಟು 13 ಸಾವಿರ ಹೋಯ್ತು. ತಪ್ಪು ಮಾರಿದವರದಲ್ಲ, ಪೂರ್ತಿ ನನ್ನದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೈಬ್ರರಿ ಇಳಿಸ್ಕೊಂಡೆ, ಅದರ ಡಿಪೆಂಡೆನ್ಸಿ ನೋಡಲಿಲ್ಲ.

ಹಾಗಾಗಿ ಎರಡನೇ ಸಲ ಸ್ಪ್ರೆಡ್‌ಶೀಟ್ ಮುಚ್ಚಿಟ್ಟು, ಒಂದು ಹಾಳೆ ಮೇಲೆ ಪ್ರಶ್ನೆಗಳನ್ನು ಬರ್ಕೊಂಡೆ. ಎಚ್‌ಪಿ ಅದರಲ್ಲಿ ಮೊದಲನೇದಲ್ಲ.

ಮೊದಲನೇ ಪ್ರಶ್ನೆ: ಈ ಕಾರು ಎಲ್ಲಿ ಓಡುತ್ತೆ?

ಇಲ್ಲಿ ಸುಳ್ಳು ಆಸೆ ಇಟ್ಕೋಬೇಡಿ. ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ತಪಾಸಣೆ ಮಾಡಿ ನೋಂದಣಿ ಮಾಡೋ ವ್ಯವಸ್ಥೆ ಇದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕೇರಳದ ಒಂದು ಪ್ರಕರಣದಲ್ಲಿ, ಇದನ್ನೇ ಗಟ್ಟಿ ಮಾಡಿ ಹೇಳಿತು. ಹೊಸ ಮಾದರಿಯ ಗಾಡಿ ರಸ್ತೆಗೆ ಬರಬೇಕಂದ್ರೆ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಅದರ ಪರೀಕ್ಷೆ ಆಗಬೇಕು. ಅದು ಕಂಪನಿಗಳ ಕೆಲಸ. ಏರೋಲಿಯಲ್ಲಿ ಎರಡು ಬಿಎಚ್‌ಕೆ ಬಾಡಿಗೆ ಕಟ್ಟೋನ ಕೆಲಸ ಅಲ್ಲ. ಯಾವುದೋ ಹಳೇ ಕಾರಿನ ಆರ್‌ಸಿ ಇಟ್ಕೊಂಡು ಅದರ ನಂಬರ್ ಪ್ಲೇಟ್ ಇದಕ್ಕೆ ಹಾಕಿ ಅಂತ ಸಲಹೆ ಕೊಡೋರು ಸಿಗ್ತಾರೆ. ಮಾಡಬೇಡಿ. ಅಪಘಾತ ಆದ ದಿನ ನಿಮ್ಮ ಪರವಾಗಿ ವಿಮೆಯೂ ನಿಲ್ಲಲ್ಲ, ಕಾನೂನೂ ನಿಲ್ಲಲ್ಲ.

ಅಂದ್ರೆ ನಮ್ಮ ಕಾರು ಟೆಂಪೋ ಮೇಲೆ ಹೋಗಿ ಖಾಸಗಿ ಜಾಗದಲ್ಲೋ, ಅನುಮತಿ ಸಿಕ್ಕರೆ ಟ್ರ್ಯಾಕಿನಲ್ಲೋ ಓಡೋ ಕಾರು. ಗೆಳೆಯನೊಬ್ಬನ ಜಮೀನು ಕರ್ಜತ್ ಹತ್ತಿರ ಇದೆ, ನಮ್ಮ ಟ್ರ್ಯಾಕು ಅದೇ. ಇದನ್ನ ಒಪ್ಕೊಂಡ ತಕ್ಷಣ ಎಂಜಿನ್ ಆಯ್ಕೆಯೂ ಬದಲಾಗುತ್ತೆ. 140 ಕಿಲೋಮೀಟರ್ ವೇಗ ಯಾರಿಗೆ ಬೇಕು? ಎರಡನೇ ಗೇರಿನಲ್ಲಿ, ಮೂರನೇ ಗೇರಿನಲ್ಲಿ ಖುಷಿ ಕೊಟ್ರೆ ಸಾಕು.

ಎರಡನೇ ಪ್ರಶ್ನೆ: ಎಂಜಿನ್ ಹೇಗೆ ಕೂರುತ್ತೆ, ಯಾವ ಚಕ್ರ ತಿರುಗುತ್ತೆ? ಇದನ್ನ 13 ಸಾವಿರ ಕೊಟ್ಟು ಕಲಿತಾಗಿತ್ತು. ನಮ್ಮ ಸಂತೆಯಲ್ಲಿ ಸುಲಭವಾಗಿ ಸಿಗೋ, ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸೋ ಸಣ್ಣ ಪೆಟ್ರೋಲ್ ಎಂಜಿನ್ ಯಾವುದು? ಪಟ್ಟಿ ಬಹಳ ಚಿಕ್ಕದು. ಜಿಪ್ಸಿ, ಓಮ್ನಿ, ಈಕೋ.

ಬೇರೆಯವೂ ಮನಸ್ಸಿಗೆ ಬಂದ್ವು. ಕೆಟಿಎಂ 390ರ 373 ಸಿಸಿ ಎಂಜಿನ್ 43 ಎಚ್‌ಪಿ ಕೊಡುತ್ತೆ, ತೂಕ ಕಡಿಮೆ, ಫಾರ್ಮುಲಾ ಭಾರತ್‌ಗೆ ಹೋಗೋ ಕಾಲೇಜು ತಂಡಗಳ ಅಚ್ಚುಮೆಚ್ಚು. ಆದ್ರೆ ಅವರ ಕಾರಿನಲ್ಲಿ ಕೂರೋದು ಒಬ್ಬನೇ, ಕಾರಿನ ತೂಕ ನಮ್ಮದರ ಅರ್ಧ. ಬೈಕಿನ ಎಂಜಿನ್ನಿಗೆ ರಿವರ್ಸ್ ಗೇರಿಲ್ಲ, ಶಕ್ತಿ ಬರೋದು ಮೇಲಿನ ಆರ್‌ಪಿಎಂನಲ್ಲಿ, ಇಬ್ಬರನ್ನು ಕೂರಿಸ್ಕೊಂಡು ಏರಿನಲ್ಲಿ ಎತ್ತಿದ್ರೆ ಕ್ಲಚ್ ಸುಡುತ್ತೆ. ಟಾಟಾ ನ್ಯಾನೋ ಎಂಜಿನ್ ಕೂಡ ಚೆನ್ನಾಗಿದೆ. 624 ಸಿಸಿ, ಹಿಂದೆ ಕೂತು ಹಿಂದಿನ ಚಕ್ರವನ್ನೇ ತಿರುಗಿಸುತ್ತೆ. ಆದ್ರೆ ಅದಕ್ಕೆ ಮತ್ತೆ ಹಿಂದೆ ಎಂಜಿನ್ ಇರೋ ಚೌಕಟ್ಟೇ ಬೇಕು.

ಮೂರನೇ ಪ್ರಶ್ನೆ: ತೂಕಕ್ಕೆ ಎಷ್ಟು ಶಕ್ತಿ?

ಓಮ್ನಿ ಅಂದ ತಕ್ಷಣ ನನ್ನ ಗೆಳೆಯರಿಬ್ಬರೂ ನಕ್ಕರು. ನಾನೂ ನಕ್ಕೆ. ಶಾಲೆ ಮಕ್ಕಳನ್ನು ತುಂಬ್ಕೊಂಡು ಹೋಗೋ ಗಾಡಿ, ಸಿನಿಮಾದಲ್ಲಿ ನಾಯಕಿಯನ್ನ ಅಪಹರಿಸೋ ಗಾಡಿ. ಅದರ ಎಂಜಿನ್ ಹಾಕಿ ಸ್ಪೋರ್ಟ್ಸ್ ಕಾರಾ?

ಆಮೇಲೆ ಲೆಕ್ಕ ಹಾಕಿದೆ. ಮಾರುತಿ 800 ಮತ್ತು ಓಮ್ನಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್, ಎಫ್8ಬಿ ಅಂತ ಅದರ ಹೆಸರು. ಕಾರ್ಬ್ಯುರೇಟರ್ ಇರೋ 800ರಲ್ಲಿ ಸುಮಾರು 37 ಎಚ್‌ಪಿ, ಕಾರಿನ ತೂಕ ಸುಮಾರು 650 ಕೆಜಿ. ಟನ್ನಿಗೆ 57 ಎಚ್‌ಪಿ ಆಯ್ತು. ಅದೇ 37 ಎಚ್‌ಪಿಯನ್ನು 450 ಕೆಜಿಯ ನಮ್ಮ ಕಾರಿಗೆ ಹಾಕಿದ್ರೆ ಟನ್ನಿಗೆ 82. ಎಂಜಿನ್ ಬದಲಾಗಲಿಲ್ಲ, ಬರೀ 200 ಕೆಜಿ ಇಳಿಸಿದ್ವಿ.

ಇನ್ನೊಂದು ವಿಷಯ ಗೊತ್ತಾಗಿ ನಾನು ನಗೋದು ನಿಲ್ಲಿಸಿದೆ. 1957ರ ಮೊದಲನೇ ಲೋಟಸ್ ಸೆವೆನ್‌ನಲ್ಲಿ ಇದ್ದ 1172 ಸಿಸಿ ಫೋರ್ಡ್ ಎಂಜಿನ್ ಕೊಡ್ತಿದ್ದದ್ದು 40 ಎಚ್‌ಪಿ. ಬರೀ 40! ಜಗತ್ತೇ ಕೊಂಡಾಡಿದ ಕಾರಿಗೂ ನಮ್ಮ ಓಮ್ನಿಗೂ ಇರೋ ಅಂತರ ಮೂರೋ ನಾಲ್ಕೋ ಎಚ್‌ಪಿ. ಅಷ್ಟೇ ಅಲ್ಲ, 2013ರಲ್ಲಿ ಕೇಟರ್‌ಹ್ಯಾಮ್ ಕಂಪನಿಯೇ ಅಗ್ಗದ ಸೆವೆನ್ ಮಾಡಬೇಕು ಅಂದಾಗ ಹೋದದ್ದು ಸುಜುಕಿ ಹತ್ರ. 660 ಸಿಸಿಯ ಮೂರು ಸಿಲಿಂಡರ್ ಟರ್ಬೊ ಎಂಜಿನ್, 80 ಎಚ್‌ಪಿ, ಹಿಂದಿನ ಆಕ್ಸಲ್ ಕೂಡ ಸುಜುಕಿಯದೇ, ಕಾರಿನ ತೂಕ 490 ಕೆಜಿ. ನಮ್ಮ ಓಮ್ನಿ ಹುಟ್ಟಿದ್ದು ಸುಜುಕಿ ಕ್ಯಾರಿ ವ್ಯಾನಿನಿಂದ. ದೂರದ ದಾಯಾದಿಗಳೇ ಬಿಡಿ.

ವೇಗದ ಲೆಕ್ಕವನ್ನೂ ಕಾಗದದ ಮೇಲೇ ಮಾಡಬಹುದು. ಟಾಪ್ ಗೇರು ಒಂದಕ್ಕೆ ಒಂದು, ಡಿಫರೆನ್ಷಿಯಲ್ ಅನುಪಾತ 5 ಅಂತ ಇಟ್ಕೊಳ್ಳಿ. ಎಂಜಿನ್ 5500 ಆರ್‌ಪಿಎಂನಲ್ಲಿದ್ರೆ ಚಕ್ರ ನಿಮಿಷಕ್ಕೆ 1100 ಸುತ್ತು. ಟೈರಿನ ಸುತ್ತಳತೆ 1.7 ಮೀಟರ್ ಆದ್ರೆ ನಿಮಿಷಕ್ಕೆ 1870 ಮೀಟರ್, ಗಂಟೆಗೆ 112 ಕಿಲೋಮೀಟರ್. ನಿಮ್ಮ ಗೇರ್‌ಬಾಕ್ಸು, ಆಕ್ಸಲ್ಲಿನ ನಿಜವಾದ ಅನುಪಾತ ಹಾಕಿ ಲೆಕ್ಕ ಮಾಡ್ಕೊಳ್ಳಿ. ನೆಲಕ್ಕೆ ಅರ್ಧ ಅಡಿ ಮೇಲೆ, ಬಾಗಿಲಿಲ್ಲದೆ ಕೂತಾಗ 60 ಕೂಡ 120ರ ಹಾಗೆ ಅನ್ಸುತ್ತೆ.

ಇಲ್ಲಿ ಇನ್ನೊಂದು ಮಾತು. ಎಂಜಿನ್ ದೊಡ್ಡದಾದ ಹಾಗೆ ಬ್ರೇಕು, ಆಕ್ಸಲು, ಕ್ಲಚ್ಚು, ರೇಡಿಯೇಟರು ಎಲ್ಲ ದೊಡ್ಡದಾಗಬೇಕು, ಆಗ ತೂಕ ಏರುತ್ತೆ, ಆ ತೂಕಕ್ಕೆ ಮತ್ತೆ ದೊಡ್ಡ ಎಂಜಿನ್ ಬೇಕಾಗುತ್ತೆ. ಅಳತೆ ಮೀರಿ ಹೋಗೋ ದಾರಿ ಇದು. ಸಣ್ಣ ಎಂಜಿನ್ ಹಾಕಿದ್ರೆ ಅದರ ಜೊತೆ ಬಂದ ಆಕ್ಸಲ್ಲು, ಕ್ಲಚ್ಚು ಹಾಗೇ ನಡೆಯುತ್ತೆ.

ನಾಲ್ಕನೇ ಪ್ರಶ್ನೆ: ಕಾರ್ಬ್ಯುರೇಟರ್ರಾ, ಇಸಿಯುನಾ?

ನಾನು ಸಾಫ್ಟ್‌ವೇರ್‌ನೋನು, ಇಸಿಯು ಬೇಕು ಅಂತ ಹಟ ಹಿಡಿದಿದ್ದೆ. ಆರ್ಡುಯಿನೊ ಮೇಲೆ ಓಡೋ ಸ್ಪೀಡುಯಿನೊ ಅನ್ನೋ ಮುಕ್ತ ತಂತ್ರಾಂಶದ ಇಸಿಯು ಇದೆ, ಪೆಟ್ರೋಲಿನ ಅಳತೆ, ಕಿಡಿ ಹೊತ್ತೋ ಸಮಯ ಎಲ್ಲ ಲ್ಯಾಪ್‌ಟಾಪಿನಲ್ಲಿ ತಿದ್ದಬಹುದು. ಆ ಕಾರಣಕ್ಕೆ ಈಕೋ ನನಗೆ ಬಹಳ ಇಷ್ಟ ಆಗಿತ್ತು. 2022ರವರೆಗಿನ ಮಾಡೆಲ್‌ನಲ್ಲಿ 1196 ಸಿಸಿ, 73 ಎಚ್‌ಪಿ, ಐದು ಗೇರು, ಹಿಂದಿನ ಚಕ್ರ. ನಿಜ ಹೇಳ್ತೀನಿ, ದುಡ್ಡು ಮತ್ತು ಧೈರ್ಯ ಇದ್ದೋರಿಗೆ ಇವತ್ತು ನಮ್ಮ ದೇಶದಲ್ಲಿ ಇದೇ ಒಳ್ಳೇ ಆಯ್ಕೆ. ಆದ್ರೆ ಅದಕ್ಕೆ ಬೇಕಾದ್ದು ಬರೀ ಎಂಜಿನ್ ಅಲ್ಲ. ಇಸಿಯು, ಇಡೀ ವೈರಿಂಗ್ ಹಾರ್ನೆಸ್, ಎಲ್ಲ ಸೆನ್ಸರ್‌ಗಳು, ಟ್ಯಾಂಕಿನೊಳಗಿನ ಪಂಪು, ಇಮ್ಮೊಬಿಲೈಸರ್ ಇದ್ರೆ ಅದರ ಕೀಲಿ. ಹಾರ್ನೆಸ್ ಕತ್ತರಿಸಿ ಮಾರಿದ ಎಂಜಿನ್ ತಂದ್ರೆ ಪಾಸ್‌ವರ್ಡ್ ಇಲ್ಲದ ಡೇಟಾಬೇಸ್ ತಂದ ಹಾಗೆ.

ಕಾಕಾ ಒಂದೇ ಮಾತಲ್ಲಿ ಮುಗಿಸಿದ್ರು. "ಸರ, ಮೊದಲನೇ ಗಾಡಿ ಕಟ್ಟಾಕತ್ತೀರಿ. ಪೆಟ್ರೋಲ್, ಗಾಳಿ, ಕಿಡಿ. ಮೂರs ನೋಡ್ಕೋಳ್ರಿ. ನಾಲ್ಕನೇದು ತರಬ್ಯಾಡ್ರಿ." ಹಾಗೆ ಕಾರ್ಬ್ಯುರೇಟರ್ ಓಮ್ನಿ ಅಂತ ತೀರ್ಮಾನ ಆಯ್ತು.

ಈಗ ಐದನೇ ಪ್ರಶ್ನೆ. ನನ್ನ ಹಾಳೆ ಮೇಲೆ ಇದೂ ಮೊದಲು ಇರಲಿಲ್ಲ. ಎಂಜಿನ್ ಎಲ್ಲಿಂದ ಬರುತ್ತೆ?

ಉತ್ತರ ನನ್ನ ಕಣ್ಣ ಮುಂದೇ ಇತ್ತು. ಸಾಗರದ ನಮ್ಮ ಮನೆಯಲ್ಲಿ ಅಪ್ಪನ ಓಮ್ನಿ ಇದೆ. 1999ರದ್ದು, ಕಾರ್ಬ್ಯುರೇಟರ್ ಮಾಡೆಲ್. ನಾನು ಗಾಡಿ ಕಲಿತದ್ದೇ ಅದರಲ್ಲಿ. ಫೋನಿನಲ್ಲಿ ಸುಮ್ನೆ ವಿಷಯ ತೆಗೆದೆ.

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ತಗೊಂಡ್ ಹೋಗು ಮಾರಾಯ. ಸುಮ್ನೆ ನಿಂತಿದೆ ಅದು. ನನಗೂ ವಯಸ್ಸಾಯ್ತು, ಇನ್ನೆಷ್ಟು ದಿನ ಓಡಿಸ್ತೀನಿ?"

ನನಗೆ ಖುಷಿಯೋ ಖುಷಿ. ದುಡ್ಡಿಲ್ಲ, ಕಾಗದಪತ್ರದ ಅನುಮಾನ ಇಲ್ಲ, ಜೊತೆಗೆ ಅಪ್ಪನ ಗಾಡಿಯ ಎಂಜಿನ್ ನನ್ನ ಕಾರಿನಲ್ಲಿ ಓಡುತ್ತೆ ಅನ್ನೋ ಭಾವುಕತೆ ಬೇರೆ. ದೀಪಾವಳಿಗೆ ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಸಾಗರ ಮುಟ್ಟಿದೆ. ಬ್ಯಾಗಿನಲ್ಲಿ ಕಂಪ್ರೆಷನ್ ಗೇಜು. ಸಿಹಿ ತರೋದು ಮರೆತಿದ್ದೆ, ಗೇಜು ಮರೆತಿರಲಿಲ್ಲ.

ಮರುದಿನ ಬೆಳಗ್ಗೆ ಕೊಟ್ಟಿಗೆ ಪಕ್ಕ ಹೋಗಿ ನೋಡಿದ್ರೆ ಗಾಡಿ ಇಲ್ಲ. ಅಪ್ಪ ಅಡಿಕೆ ಮೂಟೆ ಹಾಕ್ಕೊಂಡು ಪೇಟೆಗೆ ಹೋಗಿದ್ರು. ಮಧ್ಯಾಹ್ನ ಬಂತು, ಸಂಜೆ ಗ್ಯಾಸ್ ಸಿಲಿಂಡರ್‌ಗೆ ಹೋಯ್ತು. ಅದರ ಮರುದಿನ ಕೆಳಗಿನ ಮನೆಯ ಅಜ್ಜಿಯನ್ನು ಕಣ್ಣು ತೋರಿಸೋಕೆ ಕರ್ಕೊಂಡು ಹೋದ್ರು. ಹಿಂದಿನ ಸೀಟು ಮಡಚಿ, ಅಜ್ಜಿ ಕಾಲು ಚಾಚೋ ಹಾಗೆ ದಿಂಬು ಇಟ್ಟಿದ್ರು, ಅಂದ್ರೆ ಅದು ಮೊದಲನೇ ಸಲ ಅಲ್ಲ. ನಮ್ಮ ಮನೆಗೆ ಬರೋ ಬಸ್ಸು ದಿನಕ್ಕೆ ಎರಡೇ ಸಲ.

ನಾಲ್ಕನೇ ದಿನ ನಾನೇ ಗೇಜು ಹಿಡ್ಕೊಂಡು ಕೂತೆ. ಚೋಕ್ ಎಳೆದು ಕೀಲಿ ತಿರುಗಿಸಿದೆ, ಎರಡನೇ ಸಲಕ್ಕೆ ಹೊತ್ಕೊಂಡಿತು. ಮೂರೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚೂಕಡಿಮೆ ಒಂದೇ. ನಾನು ಹುಡುಕ್ತಿದ್ದದ್ದು ಇಂಥದ್ದೇ ಎಂಜಿನ್.

ಅಮ್ಮ ಕಾಫಿ ತಂದಿಟ್ಟು, "ಇದನ್ನ ತಗೊಂಡ್ ಹೋದ್ಮೇಲೆ ಬಸ್ಸಿನ ಪಾಸ್ ಮಾಡಿಸ್ತಾರಂತೆ ನಿಮ್ಮಪ್ಪ" ಅಂದ್ಲು. ದೂರಲಿಲ್ಲ. ಸುಮ್ನೆ ಹೇಳಿದ್ಲು.

ನಮ್ಮಲ್ಲಿ ಎಷ್ಟು ಜನಕ್ಕೆ ಹೀಗಾಗಿದೆ ಹೇಳಿ? ಊರಿಗೆ ಫೋನ್ ಮಾಡಿದ್ರೆ ಎಲ್ಲವೂ ಸುಮ್ನೆ ನಿಂತಿರುತ್ತೆ. ಗಾಡಿ ಸುಮ್ನೆ ನಿಂತಿದೆ, ರೂಮು ಸುಮ್ನೆ ಖಾಲಿ ಇದೆ, ನಮಗೇನೂ ಬೇಡ ನೀನು ನೋಡ್ಕೋ. ಹೋಗಿ ನಾಲ್ಕು ದಿನ ಕೂತ್ರೆ ಮಾತ್ರ ಯಾವುದು ನಿಂತಿದೆ, ಯಾವುದು ಓಡ್ತಾ ಇದೆ ಅಂತ ಗೊತ್ತಾಗೋದು. ಪ್ರೊಡಕ್ಷನ್‌ನಲ್ಲಿ ಓಡ್ತಿರೋ ಸರ್ವರ್ ಕಿತ್ತು ತಂದು ನನ್ನ ಹವ್ಯಾಸಕ್ಕೆ ಹಾಕ್ಕೊಳ್ಳೋಕೆ ಹೊರಟಿದ್ದೆ ನಾನು.

ಎಂಜಿನ್ ತೆಗೆಯಲಿಲ್ಲ. ಪ್ಲಗ್ ಬದಲಿಸಿ, ಪಾಯಿಂಟ್ ಉಜ್ಜಿ, ಆಯಿಲ್ ಹಾಕಿ, ಹಿಂದಿನ ಬ್ರೇಕ್ ಶೂ ಹೊಸದು ಹಾಕಿಸಿ ವಾಪಸ್ ಬಂದೆ. ಅಪ್ಪನಿಗೆ "ಕಂಪ್ರೆಷನ್ ಸ್ವಲ್ಪ ಕಮ್ಮಿ ಇದೆ, ನನ್ನ ಕಾರಿಗೆ ಆಗಲ್ಲ" ಅಂತ ಸುಳ್ಳು ಹೇಳಿದೆ. ಅವರು ಸುಳ್ಳು ಹೇಳಿದ್ರು, ನಾನೂ ಹೇಳಿದೆ. ಲೆಕ್ಕ ಸರಿಹೋಯ್ತು. ಅವರು ಈ ವಿಡಿಯೊ ನೋಡಲ್ಲ ಅನ್ನೋ ಧೈರ್ಯದಲ್ಲಿ ಹೇಳ್ತಾ ಇದ್ದೀನಿ.

ಹಾಗಾದ್ರೆ ಎಂಜಿನ್ ಎಲ್ಲಿಂದ ಬಂತು? ಮತ್ತೆ ಕುರ್ಲಾದಿಂದಲೇ. ಈ ಸಲ ಕಾಕಾನ ಜೊತೆಗೆ ಕರ್ಕೊಂಡು ಹೋದೆ. ಎಂಜಿನ್, ಗೇರ್‌ಬಾಕ್ಸು, ಪ್ರೊಪೆಲರ್ ಶಾಫ್ಟು, ಹಿಂದಿನ ಆಕ್ಸಲ್ಲು, ರೇಡಿಯೇಟರು, ಕ್ಲಚ್ ಕೇಬಲ್ಲು, ಎಲ್ಲ ಒಂದೇ ಗಾಡಿಯದ್ದು, 27 ಸಾವಿರಕ್ಕೆ.

ಇಲ್ಲಿ ಮೂರು ಮಾತು ನೆನಪಿಡಿ. ಒಂದು, ಕಾಗದ. ಎಂಜಿನ್ ನಂಬರ್ ಬರೆದ ಬಿಲ್ಲು ಬೇಕು. ಆ ಗಾಡಿಯ ನೋಂದಣಿ ರದ್ದಾದ ದಾಖಲೆಯ ಪ್ರತಿಯೂ ಬೇಕು. ಬಳಸೋಕೆ ಬಾರದಷ್ಟು ಹಾಳಾದ ಗಾಡಿಯ ಬಗ್ಗೆ ಮಾಲೀಕ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಅದೇ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತೆ. ನಂಬರ್ ಉಜ್ಜಿಹೋದ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಅದು ಯಾರ ಮನೆ ಮುಂದೆ ನಿಂತಿದ್ದ ಗಾಡಿಯದೋ ಏನೋ. ಎರಡು, ಎಲ್ಲ ಒಂದೇ ಗಾಡಿಯಿಂದ ತಗೊಳ್ಳಿ. ಬೋಲ್ಟಿಗೆ ಬೋಲ್ಟು ಕೂರುತ್ತೆ. ಮೂರು, ಕೊಡೋ ಮುಂಚೆ ಅಳತೆ ಟೇಪು ಹಿಡೀರಿ. ಸಂಪಿನ ತಳದಿಂದ ಏರ್ ಕ್ಲೀನರ್ ತುದಿವರೆಗೆ ಎಷ್ಟು, ನಿಮ್ಮ ಬಾನೆಟ್ ಕೆಳಗೆ ಎಷ್ಟು ಜಾಗ ಇದೆ, ಚೌಕಟ್ಟಿನ ಕೆಳಗೆ ಸಂಪು ಎಷ್ಟು ಇಳಿಯುತ್ತೆ.

ಇಷ್ಟಾದ ಮೇಲೂ ಕೆಲಸ ತಪ್ಪಲಿಲ್ಲ. ಓಮ್ನಿಯಲ್ಲಿ ಡ್ರೈವರ್ ಎಂಜಿನ್ನಿನ ಮೇಲೇ ಕೂರೋದರಿಂದ ಗೇರಿನ ಕಡ್ಡಿ ಮುಂದಿನಿಂದ ಹಿಂದಕ್ಕೆ ಲಿಂಕೇಜಿನಲ್ಲಿ ಹೋಗುತ್ತೆ. ನಮ್ಮಲ್ಲಿ ಎಂಜಿನ್ ಮುಂದೆ, ನಾವು ಹಿಂದೆ. ಲಿಂಕೇಜ್ ತಿರುಗಿಸಿ ಹೊಸದಾಗಿ ಮಾಡಿಸಬೇಕಾಯ್ತು. ಮೊದಲನೇ ಪ್ರಯತ್ನದಲ್ಲಿ ಒಂದನೇ ಗೇರು ಹಾಕಿದ್ರೆ ಎರಡನೇದು ಬೀಳ್ತಿತ್ತು. ಪ್ರೊಪೆಲರ್ ಶಾಫ್ಟು ಉದ್ದ ಸರಿಹೊಂದಿಸಿ, ಮತ್ತೆ ಬ್ಯಾಲೆನ್ಸ್ ಮಾಡಿಸಬೇಕಾಯ್ತು. ಬ್ಯಾಲೆನ್ಸ್ ಮಾಡಿಸದೆ ಇದನ್ನ ಯಾವತ್ತೂ ಓಡಿಸಬೇಡಿ, ಅದು ತಿರುಗೋದು ನಿಮ್ಮ ಸೊಂಟದ ಪಕ್ಕದಲ್ಲೇ.

ಹೋದ ತಿಂಗಳು ಒಂದು ಭಾನುವಾರ ಸಂಜೆ ಮೊದಲ ಸಲ ಎಂಜಿನ್ ಚೌಕಟ್ಟಿನ ಮೇಲೆ ಹೊತ್ಕೊಂಡಿತು. ಮೈ ಇನ್ನೂ ಕೂತಿಲ್ಲ, ಸೀಟಿನ ಬದಲು ಪ್ಲೈವುಡ್ ಹಲಗೆ. ಶೆಡ್ಡಿನ ಗೇಟಿನಿಂದ ಗೋಡೆವರೆಗೆ ನಲವತ್ತು ಮೀಟರ್ ಓಡಿಸಿದೆ. ಒಂದನೇ ಗೇರು ಮಾತ್ರ. ಆ ಮೂರು ಸಿಲಿಂಡರಿನ ಸದ್ದು ಕೇಳಿದ್ರೆ ಕಣ್ಣು ಮುಚ್ಕೊಂಡು ಹೇಳಬಹುದು, ಓಮ್ನಿ ಅಂತ. ಕಾಕಾ ನೋಡ್ತಾ ನಿಂತಿದ್ರು. "ಈಗ ಗಾಡಿ ಆತು ನೋಡ್ರಿ" ಅಂದ್ರು.

ವಿಡಿಯೊ ತೆಗೆದು ಅಪ್ಪನಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಫೋನ್ ಬಂತು. "ಟ್ಯಾಪೆಟ್ ಸದ್ದು ಬರ್ತಿದೆಯಲ್ಲೋ, ಸರಿ ಮಾಡ್ಸು" ಅಂದ್ರು. ಹಿಂದುಗಡೆ ಜೋರಾಗಿ ಗಾಳಿಯ ಸದ್ದು. ಎಲ್ಲಿದ್ದೀರಿ ಅಂದೆ. ಪೇಟೆಯಿಂದ ಬರ್ತಾ ಇದ್ದೀನಿ, ಗಾಡಿ ಬದಿಗೆ ನಿಲ್ಲಿಸಿದ್ದೀನಿ ಅಂದ್ರು.

ಕೆಲವರು ಮೊದಲೇ ಕಳಿಸಿದ್ದ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರ ಹೇಳಿ ಮುಗಿಸ್ತೀನಿ.

ಎಲೆಕ್ಟ್ರಿಕ್ ಯಾಕೆ ಮಾಡಲಿಲ್ಲ? ಒಳ್ಳೇ ಪ್ರಶ್ನೆ. ಇಲ್ಲೇ ಪವಾಯಿಯಲ್ಲಿ ಐಐಟಿ ಬಾಂಬೆಯ ವಿದ್ಯಾರ್ಥಿಗಳ ರೇಸಿಂಗ್ ತಂಡ ಎಲೆಕ್ಟ್ರಿಕ್ ಕಾರುಗಳನ್ನೇ ಕಟ್ಟುತ್ತೆ. ಆದ್ರೆ ಅವರ ಹಿಂದೆ ಒಂದು ಪ್ರಯೋಗಾಲಯ ಇದೆ, ಗುರುಗಳಿದ್ದಾರೆ. ನೂರಾರು ವೋಲ್ಟಿನ ಬ್ಯಾಟರಿಯನ್ನ ಒಬ್ಬನೇ ಶೆಡ್ಡಿನಲ್ಲಿ ಕಟ್ಟೋದಕ್ಕೆ ನನಗೆ ಭಯ. ಗೊತ್ತಿದ್ದೋರು ಮಾಡಿ.

ಒಟ್ಟು ಎಷ್ಟು ಖರ್ಚು? ಇನ್ನೂ ಮುಗಿದಿಲ್ಲ, ಹಾಗಾಗಿ ಮನೆಯಲ್ಲೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ನಮ್ಮ ಊರಲ್ಲಿ ಕುರ್ಲಾ ಇಲ್ಲ, ಎಲ್ಲಿಂದ ಶುರು ಮಾಡೋದು? ಎಂಜಿನ್ನಿನಿಂದ ಶುರು ಮಾಡಬೇಡಿ. ಮೊದಲು ನಿಮ್ಮ ಬೀದಿಯ ಮಿಸ್ತ್ರಿ ಹತ್ರ ಹೋಗಿ, ಕಣ್ಣು ಮುಚ್ಕೊಂಡು ಬಿಚ್ಚಿ ಕಟ್ಟೋ ಎಂಜಿನ್ ಯಾವುದು ಅಂತ ಕೇಳಿ. ಅವರು ಹೇಳಿದ ಎಂಜಿನ್ನಿಗೆ ತಕ್ಕ ಚೌಕಟ್ಟು ಆರಿಸಿ. ನಾನು ಮಾಡಿದ್ದು ಇದರ ಉಲ್ಟಾ.

 ಮೈ ಕೂತ ಮೇಲೆ ಕರ್ಜತ್‌ನಿಂದ ಇನ್ನೊಂದು ವಿಡಿಯೊ ಮಾಡ್ತೀನಿ. ಅಲ್ಲಿವರೆಗೆ, ಊರಿಗೆ ಹೋದಾಗ ಮನೆಯ ಗಾಡಿಯ ಬ್ರೇಕ್ ಒಮ್ಮೆ ನೋಡಿ ಬನ್ನಿ. ನಮಸ್ಕಾರ.